ರಾತ್ರಿ ಊಟ ಹತ್ತೂವರೆಗೆ, ಬೆಳಿಗ್ಗೆ ಶುಗರ್ 170: ಊಟದ ಹೊತ್ತು ಬದಲಿಸಿದರೆ ಇಳಿಯುತ್ತದೆಯೇ?

ಪ್ರಶ್ನೆ: ನನ್ನ ಯಜಮಾನರಿಗೆ 54 ವರ್ಷ. ಶುಗರ್ ಬಂದು ಆರು ವರ್ಷ ಆಯಿತು. ಉಡುಪಿ ರಥಬೀದಿ ಹತ್ತಿರ ನಮ್ಮದು ಬಟ್ಟೆ ಅಂಗಡಿ. ಅಂಗಡಿ ಮುಚ್ಚಿ, ಲೆಕ್ಕ ನೋಡಿ, ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂರುವಾಗ ರಾತ್ರಿ ಹತ್ತೂವರೆ. ಊಟ ಎಂದರೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಮೀನು ಅಥವಾ ಪಲ್ಯ. ಹನ್ನೊಂದೂವರೆಗೆ ಮಲಗುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 165ರಿಂದ 175. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.1. ಬೆಳಿಗ್ಗೆ ಗ್ಲಿಮೆಪಿರೈಡ್ 2 ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಮಾತ್ರೆ, ರಾತ್ರಿ ಬರೀ ಮೆಟ್‌ಫಾರ್ಮಿನ್ 500. ಎರಡು ತಿಂಗಳಿಂದ ವಾಟ್ಸಾಪ್‌ನಲ್ಲಿ ನೋಡಿ 16 ಗಂಟೆ ಉಪವಾಸ ಎಂದು ಬೆಳಗಿನ ತಿಂಡಿ ಬಿಟ್ಟಿದ್ದಾರೆ. ಮಾತ್ರೆ ನುಂಗಿ, ಸಕ್ಕರೆ ಇಲ್ಲದ ಚಾ ಕುಡಿದು ಅಂಗಡಿಗೆ ಹೋಗುತ್ತಾರೆ. ಮಧ್ಯಾಹ್ನ ಊಟ ಎರಡೂವರೆಗೆ. ನಮ್ಮ ಅತ್ತೆ "ಶುಗರಿನವರು ಎರಡು ಗಂಟೆಗೊಮ್ಮೆ ಏನಾದರೂ ತಿನ್ನಬೇಕು" ಎನ್ನುತ್ತಾರೆ. ಯಾರ ಮಾತು ಸರಿ? ಹನ್ನೆರಡು ಗಂಟೆ ಹೊತ್ತಿಗೆ ಇವರಿಗೆ ಸಿಟ್ಟು ಜಾಸ್ತಿ, ಮೈಯೆಲ್ಲ ಬೆವರುತ್ತದೆ, ಪಕ್ಕದ ಹೋಟೆಲಿನಿಂದ ಎರಡು ಬನ್ಸ್ ತರಿಸಿ ತಿಂದ ಮೇಲೆ ಸರಿಯಾಗುತ್ತಾರೆ ಎಂದು ಅಂಗಡಿಯ ಹುಡುಗ ಹೇಳಿದ.
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ನೀವು ಸುಮ್ನೆ ಸೇರಿಸಿದ ಹಾಗಿದೆ. ನನಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಹಾಗಾಗಿ ಬೆಳಗಿನ 170ರ ವಿಚಾರ ಆಮೇಲೆ ನೋಡೋಣ. ಮೊದಲು ಹನ್ನೆರಡು ಗಂಟೆಯ ಬೆವರಿನ ವಿಚಾರ.

ಅದು ಶುಗರ್ ಇಳಿದ ಲಕ್ಷಣ ಇರಬೇಕು. ಗ್ಲಿಮೆಪಿರೈಡ್ ಮಾಡುವ ಕೆಲಸ ಒಂದೇ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವುದು. ಹೊಟ್ಟೆಯಲ್ಲಿ ತಿಂಡಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನುಂಗಿದ ಎರಡು ಮೂರು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚು. ಪರಿಣಾಮ ಸುಮಾರು ಇಡೀ ದಿನ ಇರುತ್ತದೆ. ಅದಕ್ಕೇ ವೈದ್ಯರು ಅದನ್ನು ಬೆಳಗಿನ ತಿಂಡಿಯ ಜೊತೆಗೆ, ಇಲ್ಲವೇ ದಿನದ ಮೊದಲ ದೊಡ್ಡ ಊಟದ ಜೊತೆಗೆ ಎಂದು ಬರೆದುಕೊಡುತ್ತಾರೆ. ನಿಮ್ಮ ಯಜಮಾನರು ತಿಂಡಿ ಬಿಟ್ಟರು, ಮಾತ್ರೆ ಬಿಡಲಿಲ್ಲ. ಬೆವರು, ಕೈನಡುಕ, ಎದೆ ಬಡಿತ, ಕಾರಣವಿಲ್ಲದ ಸಿಟ್ಟು, ಏನಾದರೂ ತಿಂದ ಕೂಡಲೇ ಸಮಾಧಾನ: ಇವಿಷ್ಟೂ ಶುಗರ್ ಇಳಿದಾಗ ಕಾಣುವಂಥವು. ಆ ಹೊತ್ತಿನಲ್ಲಿ ಸ್ಕೂಟರ್ ಹತ್ತಿದರೆ ಏನಾಗಬಹುದು ಯೋಚಿಸಿ.

ನಾಳೆಯಿಂದಲೇ ಎರಡು ಕೆಲಸ ಮಾಡಿ. ಬೆಳಿಗ್ಗೆ ತಿಂಡಿ ಮತ್ತೆ ಶುರುವಾಗಲಿ, ಆ ಮಾತ್ರೆ ತಿಂಡಿಯ ಜೊತೆಗೇ ಹೋಗಲಿ. ತಿಂಡಿ ಇಲ್ಲ ಎಂದಾದರೆ ಆ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುವುದು ಬೇಡ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಹನ್ನೆರಡು ಗಂಟೆಗೆ ಹೀಗಾಗುತ್ತಿದೆ ಎಂದು ಹೇಳಿ. ಅವರು ಡೋಸ್ ಕಡಿಮೆ ಮಾಡಬಹುದು, ಮಾತ್ರೆಯನ್ನೇ ಬದಲಿಸಬಹುದು. ಎರಡನೆಯದು, ಗ್ಲುಕೋಮೀಟರ್ ಒಂದು ವಾರ ಅಂಗಡಿಯಲ್ಲಿರಲಿ. ಬೆವರು ಬಂದ ಹೊತ್ತಿಗೆ ಬೆರಳು ಚುಚ್ಚಿ ನೋಡಿದರೆ ಸಂಶಯ ಉಳಿಯುವುದಿಲ್ಲ. 70ಕ್ಕಿಂತ ಕಡಿಮೆ ಇದ್ದರೆ ಶುಗರ್ ಇಳಿದಿದೆ ಎಂದರ್ಥ. 54ಕ್ಕಿಂತ ಕಡಿಮೆ ಇದ್ದರೆ ಅದು ಅಪಾಯದ ಮಟ್ಟ.

ಆಗ ಬನ್ಸ್ ಬೇಡ. ಬನ್ಸ್‌ನಲ್ಲಿ ಎಣ್ಣೆ ಜಾಸ್ತಿ, ಹೊಟ್ಟೆಯಿಂದ ಮುಂದೆ ಹೋಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಶುಗರ್ ಇನ್ನೂ ಇಳಿಯಬಹುದು. ಆಮೇಲೆ ಒಮ್ಮೆಲೇ 250ಕ್ಕೆ ಏರಲೂಬಹುದು. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. 15 ಗ್ರಾಂ ಗ್ಲುಕೋಸ್ ಪುಡಿ ಆದರೆ ಇನ್ನೂ ಒಳ್ಳೆಯದು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಬೇಕು. ಏರಿದ ಮೇಲೆ ಊಟ. ಗ್ಲುಕೋಸ್ ಪ್ಯಾಕೆಟ್ ಒಂದು ಗಲ್ಲಾಪೆಟ್ಟಿಗೆಯಲ್ಲೇ ಇರಲಿ, ಅಂಗಡಿಯ ಹುಡುಗನಿಗೂ ಹೇಳಿಕೊಡಿ. ನಿಮಗೆ ವಿಷಯ ಮುಟ್ಟಿಸಿದವನು ಅವನೇ ಅಲ್ವಾ? ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂಬುದನ್ನೂ ಅವನಿಗೆ ತಿಳಿಸಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಊಟದ ಹೊತ್ತಿಗೂ ಶುಗರಿಗೂ ಸಂಬಂಧ ಇದೆಯೇ? ಇದೆ, ಚೆನ್ನಾಗಿಯೇ ಇದೆ. ಒಂದೇ ಊಟವನ್ನು ಬೆಳಿಗ್ಗೆ ಎಂಟಕ್ಕೆ ಉಂಡರೂ ರಾತ್ರಿ ಎಂಟಕ್ಕೆ ಉಂಡರೂ ದೇಹ ಅದನ್ನು ಒಂದೇ ರೀತಿ ನಿಭಾಯಿಸುವುದಿಲ್ಲ. ಆರೋಗ್ಯವಂತರ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅದೇ ಊಟದ ನಂತರದ ಶುಗರ್ ಬೆಳಿಗ್ಗೆಗಿಂತ ಸಂಜೆ ಶೇ. 17ರಷ್ಟು ಹೆಚ್ಚಿತ್ತು. ಮೇದೋಜೀರಕ ಗ್ರಂಥಿಗೂ ಯಕೃತ್ತಿಗೂ ಅವುಗಳದ್ದೇ ದಿನಚರಿ ಇದೆ. ಕತ್ತಲಾದ ಮೇಲೆ ಮೆದುಳಿನಿಂದ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನು ಬರಲು ಶುರುವಾಗುತ್ತದೆ. ಅದು ಇನ್ಸುಲಿನ್ ಹೊರಬರುವುದನ್ನು ಸ್ವಲ್ಪ ತಡೆಯುತ್ತದೆ. ಹುಟ್ಟಿನಿಂದಲೇ ಬಂದ ಒಂದು ಜೀನ್ ವ್ಯತ್ಯಾಸ ಇರುವವರಲ್ಲಿ ಈ ತಡೆ ಇನ್ನೂ ಜಾಸ್ತಿ. ರಾತ್ರಿ ಹತ್ತೂವರೆಗೆ ಗಂಜಿ ಬಟ್ಟಲು ಮುಂದೆ ಬರುವಾಗ ನಿಮ್ಮ ಯಜಮಾನರ ದೇಹ ಮಲಗಲು ತಯಾರಾಗಿರುತ್ತದೆ. ಉಂಡ ಒಂದು ಗಂಟೆಗೆ ನಿದ್ದೆ. ಶುಗರನ್ನು ಖರ್ಚು ಮಾಡಬೇಕಾದ ಕೈಕಾಲಿಗೆ ಕೆಲಸವೇ ಇಲ್ಲ.

ಗಂಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಗಂಜಿ ಎಂದರೆ ಹಗುರ, ಹೊಟ್ಟೆಗೆ ತಂಪು, ಜ್ವರದವರಿಗೂ ಆಗುತ್ತದೆ. ಇದೆಲ್ಲ ನಿಜ. ಆದರೆ ಒಂದು ರಾತ್ರಿ ಅವರ ಬಟ್ಟಲಿನ ಗಂಜಿಯ ತಿಳಿ ಬಸಿದು, ಉಳಿದ ಅಗುಳನ್ನು ಕಪ್‌ನಲ್ಲಿ ಅಳೆದು ನೋಡಿ. ಬೆಂದ ಅನ್ನ ಒಂದು ಕಪ್ ಎಂದರೆ ಸುಮಾರು 45 ಗ್ರಾಂ ಪಿಷ್ಟ. ಎರಡನೇ ಸಲ ಬಡಿಸಿಕೊಳ್ಳುವವರ ಬಟ್ಟಲಿನಲ್ಲಿ ಎರಡು ಎರಡೂವರೆ ಕಪ್ ಇರುವುದು ಹೊಸತೇನಲ್ಲ. ಕುಚ್ಚಲಕ್ಕಿ ಬೆಳ್ತಿಗೆಗಿಂತ, ಅಂದರೆ ಬಿಳಿ ಅಕ್ಕಿಗಿಂತ, ಸ್ವಲ್ಪ ನಿಧಾನಕ್ಕೆ ಜೀರ್ಣವಾಗುತ್ತದೆ, ಹೌದು. ಆದರೆ ಅಗುಳು ಬಿರಿದು ಮೆತ್ತಗಾಗುವಷ್ಟು ಬೇಯಿಸಿ, ಅಗಿಯದೆ ಸುರಿದುಕೊಂಡರೆ ಆ ಲಾಭದ ದೊಡ್ಡ ಪಾಲು ಹೋಗುತ್ತದೆ. ಗಂಜಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಮಧ್ಯಾಹ್ನಕ್ಕೆ ತನ್ನಿ, ಅಳೆದು ಬಡಿಸಿ.

ಹಾಗಾದರೆ ಬೆಳಗಿನ 170ಕ್ಕೆ ರಾತ್ರಿಯ ಗಂಜಿಯೇ ಕಾರಣವೇ? ಅರ್ಧ ಕಾರಣ ಇರಬಹುದು. ಇನ್ನರ್ಧ ಯಕೃತ್ತಿನದ್ದು. ಬೆಳಗಿನ ಜಾವ ಮೂರರ ನಂತರ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಮೊದಲಾದವು ಏರುತ್ತವೆ. ಯಕೃತ್ತು ತನ್ನಲ್ಲಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಏಳುವ ಹೊತ್ತಿಗೆ ದೇಹಕ್ಕೆ ಶಕ್ತಿ ಬೇಕಲ್ಲ, ಅದಕ್ಕೆ. ಎಲ್ಲರಲ್ಲೂ ಇದು ನಡೆಯುತ್ತದೆ. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ಕೂಡಲೇ ಹಿಡಿತಕ್ಕೆ ತರುತ್ತದೆ, ಇರುವವರಲ್ಲಿ ಆಗುವುದಿಲ್ಲ. ವೈದ್ಯರು ಇದನ್ನು ಡಾನ್ ಫಿನಾಮಿನನ್ ಎನ್ನುತ್ತಾರೆ. "ರಾತ್ರಿ ಏನೂ ತಿನ್ನಲಿಲ್ಲ, ಆದರೂ ಬೆಳಿಗ್ಗೆ 160 ಹೇಗೆ ಬಂತು?" ಎಂದು ಕೇಳುವವರಿಗೆ ಇದೇ ಉತ್ತರ.

ಎರಡರಲ್ಲಿ ಯಾವುದು ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಮಲಗುವ ಮುಂಚೆ, ರಾತ್ರಿ ಮೂರಕ್ಕೆ, ಬೆಳಿಗ್ಗೆ ಎದ್ದ ಕೂಡಲೇ, ಹೀಗೆ ಮೂರು ಸಲ ಪರೀಕ್ಷೆ ಮಾಡಿ. ಒಂದು ರಾತ್ರಿಯ ಲೆಕ್ಕ ಸಾಕಾಗುವುದಿಲ್ಲ, ಬೇರೆ ಬೇರೆ ಎರಡು ಮೂರು ರಾತ್ರಿ ನೋಡಬೇಕು. ಮೂರು ಗಂಟೆಗೆ ಇನ್ನೂ 180-190 ಇದ್ದು ಬೆಳಿಗ್ಗೆಯೂ ಅಷ್ಟೇ ಇದ್ದರೆ ಅದು ತಡವಾದ ಊಟದ ಕೆಲಸ. ಮೂರಕ್ಕೆ 130 ಇದ್ದು ಆರೂವರೆಗೆ 170 ಆದರೆ ಯಕೃತ್ತಿನ ಕೆಲಸ. ಆಗ ಊಟದ ಹೊತ್ತು ಬದಲಿಸಿದ್ದರಿಂದ ಅರೆಬರೆ ಲಾಭ ಅಷ್ಟೇ, ಮದ್ದು ಸರಿಪಡಿಸಬೇಕಾಗುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತಿನ ಮೇಲೆಯೇ ಕೆಲಸ ಮಾಡುವುದು. ನಿಮ್ಮವರು ದಿನಕ್ಕೆ ಒಟ್ಟು 1000 ಮಿ.ಗ್ರಾಂ ಮಾತ್ರ ತೆಗೆದುಕೊಳ್ಳುತ್ತಿದ್ದಾರೆ. ಮೂತ್ರಪಿಂಡದ ಪರೀಕ್ಷೆ ಸರಿ ಇದ್ದರೆ ವೈದ್ಯರಿಗೆ ಅದನ್ನು ಏರಿಸಲು ಅವಕಾಶ ಇದೆ. ಮೂರು ಗಂಟೆಗೆ 70ಕ್ಕಿಂತ ಕೆಳಗೆ ಕಂಡರೆ ಮೇಲೆ ಹೇಳಿದ ಹಾಗೆ ಕೂಡಲೇ ಸಕ್ಕರೆ ನೀರು ಕುಡಿಸಿ, ಮರುದಿನವೇ ವೈದ್ಯರಿಗೆ ತಿಳಿಸಿ. ಈ ಅಂಕಿಗಳನ್ನು ಗಂಟೆ ಸಹಿತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬರೀ "ಖಾಲಿ ಹೊಟ್ಟೆ 170" ಎನ್ನುವುದಕ್ಕಿಂತ ಆ ಹಾಳೆ ವೈದ್ಯರಿಗೆ ಹತ್ತು ಪಾಲು ಉಪಯೋಗಕ್ಕೆ ಬರುತ್ತದೆ.

ಬೆಳಗಿನ ತಿಂಡಿ ಬಿಡುವುದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಶುಗರ್ ಇರುವವರಿಗೆ ಅದು ಒಳ್ಳೆಯ ದಾರಿ ಅಲ್ಲ. ಇಸ್ರೇಲಿನ ಡಾ. ಡೇನಿಯೆಲಾ ಯಾಕುಬೊವಿಚ್ ಮತ್ತು ಜೊತೆಗಾರರು 2015ರಲ್ಲಿ 22 ಮಂದಿ ಟೈಪ್ 2 ರೋಗಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ದಿನ ತಿಂಡಿ ಕೊಟ್ಟರು, ಇನ್ನೊಂದು ದಿನ ಮಧ್ಯಾಹ್ನದವರೆಗೆ ಏನೂ ಕೊಡಲಿಲ್ಲ. ಮಧ್ಯಾಹ್ನದ ಊಟ, ರಾತ್ರಿ ಊಟ ಎರಡೂ ದಿನ ಒಂದೇ. ತಿಂಡಿ ಬಿಟ್ಟ ದಿನ ಮಧ್ಯಾಹ್ನದ ಊಟದ ನಂತರ ಶುಗರ್ ಸುಮಾರು ಶೇ. 37ರಷ್ಟು ಜಾಸ್ತಿ ಇತ್ತು. ರಾತ್ರಿ ಊಟದ ನಂತರವೂ ಸುಮಾರು ಶೇ. 27ರಷ್ಟು ಜಾಸ್ತಿ. ಉಪವಾಸ ಉದ್ದವಾದಷ್ಟು ರಕ್ತದಲ್ಲಿ ಕೊಬ್ಬಿನಾಮ್ಲಗಳು ಏರುತ್ತವೆ, ಅವು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ದಿನದ ಮೊದಲ ಊಟಕ್ಕೆ ಬಂದ ಇನ್ಸುಲಿನ್ ಅವನ್ನು ಇಳಿಸಿ, ಎರಡನೇ ಊಟಕ್ಕೆ ಹಾದಿ ಸಲೀಸು ಮಾಡುತ್ತದೆ. ನಿಮ್ಮವರಿಗೆ ಎರಡೂವರೆಯ ಊಟವೇ ಮೊದಲನೆಯದು. ಜೊತೆಗೆ ಅದು ಹಸಿವು ತಡೆಯದ ಹೊತ್ತಿನ ಊಟ, ಅನ್ನ ಎಷ್ಟು ಹೋಗುತ್ತದೆ ಎಂದು ನಿಮಗೇ ಗೊತ್ತು.

16 ಗಂಟೆ ಉಪವಾಸ ಪೂರ್ತಿ ಸುಳ್ಳೇ? ಹಾಗೇನಿಲ್ಲ. 2018ರಲ್ಲಿ ಅಮೆರಿಕದ ಅಲಬಾಮಾದಿಂದ ಬಂದ ಸಣ್ಣ ಅಧ್ಯಯನವೊಂದಿದೆ. ಶುಗರಿನ ಹೊಸ್ತಿಲಲ್ಲಿದ್ದ ಎಂಟು ಗಂಡಸರು ಐದು ವಾರ ದಿನದ ಊಟವನ್ನೆಲ್ಲ ಆರು ಗಂಟೆಯೊಳಗೆ ಮುಗಿಸಿದರು. ತೂಕ ಇಳಿಯದಿದ್ದರೂ ಅವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಆದರೆ ಗಮನಿಸಿ, ಅವರು ಬೆಳಿಗ್ಗೆಯೇ ತಿನ್ನಲು ಶುರು ಮಾಡಿ ದಿನದ ಕೊನೆಯ ಊಟವನ್ನು ಮಧ್ಯಾಹ್ನ ಮೂರರೊಳಗೆ ಮುಗಿಸುತ್ತಿದ್ದರು. ವಾಟ್ಸಾಪ್‌ನಲ್ಲಿ ಬರುವುದು ಇದರ ತಿರುಗುಮುರುಗು: ಬೆಳಿಗ್ಗೆ ಬಿಡು, ರಾತ್ರಿ ಉಣ್ಣು. ಬೆಳಿಗ್ಗೆ ಬಿಡುವುದು ಸುಲಭ, ಸಂಜೆ ಬಿಡುವುದು ಕಷ್ಟ. ಅದಕ್ಕೇ ಅದು ಅಷ್ಟು ಹರಡಿದೆ ಎಂದು ನನಗೆ ಅನಿಸುತ್ತದೆ.

ಅತ್ತೆಯವರ ಮಾತಿಗೂ ಬೆಲೆ ಇದೆ. ಎರಡು ಗಂಟೆಗೊಮ್ಮೆ ಎಂಬುದು ಹಳೆಯ ವೈದ್ಯರೇ ಹೇಳಿಕೊಟ್ಟದ್ದು. ಆಗ ಇದ್ದ ಮಾತ್ರೆಗಳೂ ಇನ್ಸುಲಿನ್‌ಗಳೂ ಊಟ ತಪ್ಪಿದರೆ ಶುಗರನ್ನು ಪಾತಾಳಕ್ಕೆ ಇಳಿಸುತ್ತಿದ್ದವು. ಇಂದೂ 30/70ರ ಮಿಕ್ಸ್ ಇನ್ಸುಲಿನ್ ಎರಡು ಹೊತ್ತು ಚುಚ್ಚಿಕೊಳ್ಳುವವರಿಗೆ ಮಧ್ಯಾಹ್ನದ ಊಟ ತಡವಾಗಬಾರದು, ನಡುವೆ ಸ್ವಲ್ಪ ತಿನ್ನಬೇಕಾಗಲೂಬಹುದು. ಆದರೆ ನಿಮ್ಮ ಯಜಮಾನರಂಥವರು ಎರಡು ಗಂಟೆಗೊಮ್ಮೆ ತಿಂದರೆ ಶುಗರ್ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಪ್ರಾಗ್ ನಗರದಲ್ಲಿ 54 ಮಂದಿ ಟೈಪ್ 2 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು, 2014ರಲ್ಲಿ ಪ್ರಕಟವಾಯಿತು. ಅಷ್ಟೇ ಕ್ಯಾಲೊರಿಯನ್ನು 12 ವಾರ ಆರು ಸಣ್ಣ ಊಟವಾಗಿ, ಇನ್ನು 12 ವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡೇ ದೊಡ್ಡ ಊಟವಾಗಿ ಕೊಟ್ಟರು. ತೂಕವೂ ಖಾಲಿ ಹೊಟ್ಟೆಯ ಶುಗರೂ ಎರಡು ಊಟದಲ್ಲೇ ಹೆಚ್ಚು ಇಳಿದವು. ಹಾಗೆಂದು ಎರಡೇ ಊಟ ಮಾಡಿ ಎನ್ನುವುದಿಲ್ಲ. ಮೂರು ಹೊತ್ತು ಸರಿಯಾಗಿ ಉಂಡು, ನಡುನಡುವೆ ಬಾಯಿ ಆಡಿಸದಿದ್ದರೆ ಸಾಕು.

ಈಗ ನಿಮ್ಮ ಮನೆಯ ದಿನವನ್ನು ಹೇಗೆ ತಿರುಗಿಸಬಹುದು ನೋಡೋಣ.

ಬೆಳಿಗ್ಗೆ ಎಂಟು ಎಂಟೂಕಾಲಕ್ಕೆ ತಿಂಡಿ. ಇಲ್ಲಿ ಒಂದು ಎಚ್ಚರ ಬೇಕು. ಬೆಳಿಗ್ಗೆ ದೇಹ ಚೆನ್ನಾಗಿ ನಿಭಾಯಿಸುತ್ತದೆ ಎಂದೆ, ಆದರೆ ಶುಗರ್ ಇರುವ ಹಲವರಲ್ಲಿ ಯಕೃತ್ತಿನ ಆ ಮುಂಜಾವದ ಸಕ್ಕರೆ ಇನ್ನೂ ನಿಂತಿರುವುದಿಲ್ಲ. ಅದರ ಮೇಲೆ ಐದು ನೀರುದೋಸೆ, ಬೆಲ್ಲ ತೆಂಗಿನಕಾಯಿ ಬಿದ್ದರೆ ದಿನದ ಅತಿ ದೊಡ್ಡ ಅಂಕಿ ಹತ್ತು ಗಂಟೆಗೇ ಕಾಣುತ್ತದೆ. ನೀರುದೋಸೆ ಬಹುಪಾಲು ಬರೀ ಅಕ್ಕಿ. ಪುಂಡಿ, ಸೇಮಿಗೆ, ಮೂಡೆ ಎಲ್ಲದರದ್ದೂ ಹೆಚ್ಚುಕಡಿಮೆ ಇದೇ ಕತೆ; ಮೂಡೆಗೆ ಉದ್ದು ಬೀಳುತ್ತದೆ ಎಂಬುದಷ್ಟೇ ಸಮಾಧಾನ. ತಿಂಡಿ ದೊಡ್ಡದಿರಲಿ, ಆದರೆ ಅದರಲ್ಲಿ ಕಾಳು, ಬೇಳೆ, ಮೊಟ್ಟೆಯ ಪಾಲು ಜಾಸ್ತಿ ಇರಲಿ. ಕಡ್ಲೆ ಅವಲಕ್ಕಿ ನಮ್ಮೂರಿನದ್ದೇ ತಿಂಡಿ. ಹೋಟೆಲಿನಲ್ಲಿ ಅವಲಕ್ಕಿಯ ರಾಶಿಯ ಮೇಲೆ ಒಂದು ಸೌಟು ಕಡ್ಲೆ ಹಾಕುತ್ತಾರೆ. ಮನೆಯಲ್ಲಿ ಅದನ್ನು ಮಗುಚಿ: ಎರಡು ಸೌಟು ಕಡ್ಲೆ ಗಸಿ, ಮೇಲೆ ಒಂದು ಹಿಡಿ ಅವಲಕ್ಕಿ. ಹೆಸರುಕಾಳು ಉಸಲಿ, ಹೆಸರುಬೇಳೆ ದೋಸೆ, ಎರಡು ಮೊಟ್ಟೆಯ ಜೊತೆ ಎರಡೇ ನೀರುದೋಸೆ, ಹೀಗೆ ಬದಲಾಯಿಸುತ್ತಾ ಹೋಗಿ. ತಿಂಡಿಯ ಮೊದಲ ತುತ್ತಿನಿಂದ ಎರಡು ಗಂಟೆಗೆ ಶುಗರ್ ನೋಡಿ. 180ರ ಒಳಗೆ ಬಂದರೆ ಆ ತಿಂಡಿ ಅವರಿಗೆ ಆಗುತ್ತದೆ. ಬರದಿದ್ದರೆ ಪ್ರಮಾಣ ಇಳಿಸಿ.

ಮಧ್ಯಾಹ್ನದ ಊಟ ಎರಡೂವರೆಯಿಂದ ಒಂದೂಕಾಲಕ್ಕೆ ಬರಲಿ. ಅನ್ನ ಉಣ್ಣುವುದಿದ್ದರೆ ಇದೇ ಸರಿಯಾದ ಹೊತ್ತು. ಉಣ್ಣುವ ಸರದಿಯೂ ಮುಖ್ಯ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯರು 2015ರಲ್ಲಿ 11 ರೋಗಿಗಳಿಗೆ ಒಂದೇ ಊಟವನ್ನು ಎರಡು ಸರದಿಯಲ್ಲಿ ಕೊಟ್ಟು ನೋಡಿದರು. ತರಕಾರಿ ಮತ್ತು ಕೋಳಿ ಮೊದಲು ತಿಂದು, ಬ್ರೆಡ್ ಮತ್ತು ಹಣ್ಣಿನ ರಸ ಕಡೆಗೆ ತೆಗೆದುಕೊಂಡಾಗ ಒಂದು ಗಂಟೆಯ ಶುಗರ್ ಶೇ. 37ರಷ್ಟು ಕಡಿಮೆ ಬಂತು. ನಮ್ಮ ಬಟ್ಟಲಿಗೆ ತಂದರೆ ಹೀಗೆ: ಕೂತ ಕೂಡಲೇ ಅನ್ನ ಬಡಿಸಬೇಡಿ. ಮೊದಲು ತೊಂಡೆಕಾಯಿ ಪಲ್ಯವೋ ಹರಿವೆಯೋ ಅಲಸಂಡೆಯೋ ಒಂದು ಬಟ್ಟಲು ಪೂರ್ತಿ ಮುಗಿಯಲಿ. ಬಂಗುಡೆಯ ಒಂದು ತುಂಡು ಬರಿಯದಾಗಿ ಹೋಗಲಿ. ಬಸಳೆಯ ಹೋಳನ್ನು ಸಾರಿನಿಂದ ಎತ್ತಿ ತಿನ್ನಲಿ. ಐದು ಹತ್ತು ನಿಮಿಷ ಕಳೆದ ಮೇಲೆ ಅಳೆದ ಅನ್ನ ಬರಲಿ. ಹಸಿವಿನ ಮೊದಲ ಜೋರು ಅಷ್ಟರಲ್ಲಿ ಇಳಿದಿರುತ್ತದೆ, ಎರಡನೇ ಸಲ ಅನ್ನ ಕೇಳುವುದೂ ಕಡಿಮೆಯಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಅಡುಗೆಯೂ ಬದಲಾಗಬೇಕಿಲ್ಲ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಸಂಜೆ ಐದಕ್ಕೆ ಏನಾದರೂ ಬೇಕೇ ಬೇಕು ಅನಿಸಿದರೆ ಗೋಳಿಬಜೆಯ ಬದಲು ಹುರಿಗಡಲೆ ಅಥವಾ ನೆಲಗಡಲೆ ಒಂದು ಹಿಡಿ, ಸಕ್ಕರೆ ಇಲ್ಲದ ಚಾ.

ರಾತ್ರಿ ಊಟವೇ ಕಷ್ಟದ್ದು. ಅಂಗಡಿ ಒಂಬತ್ತರ ಮುಂಚೆ ಮುಚ್ಚಿ ಎಂದು ನಾನು ಹೇಳಿದರೆ ಅದು ನಡೆಯುವ ಮಾತಲ್ಲ. ಪೇಟೆಯಲ್ಲಿ ವ್ಯಾಪಾರ ಆಗುವುದೇ ಸಂಜೆಯ ಮೇಲೆ. ಇಡೀ ದಿನ ಹೊರಗಿದ್ದವರು ಮನೆಯವರ ಜೊತೆ ಕೂತು ಉಣ್ಣುವ ಹೊತ್ತೂ ಅದೊಂದೇ. ಅದನ್ನು ಕಿತ್ತುಕೊಳ್ಳುವ ಸಲಹೆ ಹದಿನೈದು ದಿನವೂ ಉಳಿಯುವುದಿಲ್ಲ. ಹಾಗಾಗಿ ಊಟವನ್ನು ಎರಡು ಪಾಲು ಮಾಡಿ. ಜಪಾನಿನ ವೈದ್ಯರು 16 ಮಂದಿ ಟೈಪ್ 2 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ರಾತ್ರಿ ಒಂಬತ್ತಕ್ಕೆ ಎಲ್ಲವನ್ನೂ ಒಟ್ಟಿಗೆ ಉಣ್ಣುವ ಬದಲು, ಸಂಜೆ ಆರಕ್ಕೆ ಅನ್ನ ಮತ್ತು ಸ್ವಲ್ಪ ತರಕಾರಿ, ಒಂಬತ್ತಕ್ಕೆ ಉಳಿದ ತರಕಾರಿ ಮತ್ತು ಮೀನು ಮಾಂಸದಂಥದ್ದು. ಒಟ್ಟು ಊಟ ಅಷ್ಟೇ ಇದ್ದರೂ ರಾತ್ರಿಯ ಶುಗರ್ ಏರಿಕೆ ಕಡಿಮೆಯಾಯಿತು.

ನಿಮ್ಮಲ್ಲಿ ಇದು ಹೀಗೆ ನಡೆಯಬಹುದು. ಏಳು ಏಳೂವರೆಗೆ ಗಿರಾಕಿ ಸ್ವಲ್ಪ ಕಡಿಮೆ ಇರುವಾಗ ಅಂಗಡಿಯ ಹಿಂದೆ ಕೂತು ಬುತ್ತಿ ತೆಗೆಯಲಿ: ಎರಡು ಚಪಾತಿ ಅಥವಾ ಅಳೆದ ಒಂದು ಸಣ್ಣ ಕಪ್ ಅನ್ನ, ಪಲ್ಯ, ಹುರುಳಿ ಸಾರಿನ ಕಾಳು. ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ನಿಮ್ಮೆಲ್ಲರ ಜೊತೆ ಕೂತು ಮೀನು, ತರಕಾರಿ, ತಿಳಿಸಾರು, ಮಜ್ಜಿಗೆ. ಅನ್ನ ಇಲ್ಲ, ಗಂಜಿ ಇಲ್ಲ. ಮೊದಲ ವಾರ ಬಟ್ಟಲು ಖಾಲಿ ಖಾಲಿ ಅನಿಸುತ್ತದೆ. ಅತ್ತೆಯವರಿಗೆ ಮಗ ಅನ್ನ ಉಣ್ಣದೆ ಮಲಗಿದ ಎಂದು ಬೇಸರ ಆಗಬಹುದು. ಏಳೂವರೆಗೆ ಉಂಡಿದ್ದಾನೆ ಎಂದು ಅವರಿಗೆ ಬುತ್ತಿ ತೋರಿಸಿ. ಬುತ್ತಿ ಕಟ್ಟುವ ಕೆಲಸ ಅವರಿಗೇ ಒಪ್ಪಿಸಿದರೆ ಇನ್ನೂ ಒಳ್ಳೆಯದು.

ರಾತ್ರಿಯ ಮೆಟ್‌ಫಾರ್ಮಿನ್ ಈಗ ಬುತ್ತಿಯ ಜೊತೆ ಹೋಗಬೇಕೋ, ಮನೆಯ ಊಟದ ಜೊತೆ ಸಾಕೋ ಎಂದು ವೈದ್ಯರನ್ನು ಕೇಳಿ. ಹೊಟ್ಟೆಯಲ್ಲಿ ಆಹಾರ ಇರುವಾಗ ತೆಗೆದುಕೊಳ್ಳಬೇಕು ಎಂಬುದಷ್ಟೇ ಮುಖ್ಯ, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ತೀರಾ ಇಳಿಯುವುದು ಅಪರೂಪ. ಭಯ ಇರುವುದು ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ಮತ್ತು ಇನ್ಸುಲಿನ್‌ನದ್ದು. ಊಟದ ಹೊತ್ತು ಬದಲಿಸಿದಾಗ, ಗಂಜಿ ಇಳಿಸಿದಾಗ, ಹಳೆಯ ಡೋಸ್ ಜಾಸ್ತಿಯಾಗಬಹುದು. ಈ ಕಾರಣಕ್ಕೇ ಮೊದಲು ವೈದ್ಯರಿಗೆ ಫೋನ್ ಮಾಡಿ ಎಂದದ್ದು.

ಊಟದ ನಂತರದ ನಡಿಗೆಯನ್ನು ದಯವಿಟ್ಟು ಸೇರಿಸಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 41 ಮಂದಿ ಟೈಪ್ 2 ರೋಗಿಗಳಲ್ಲಿ ದಿನಕ್ಕೊಮ್ಮೆ 30 ನಿಮಿಷದ ನಡಿಗೆಯನ್ನೂ ಪ್ರತಿ ಊಟದ ನಂತರ 10 ನಿಮಿಷದ ನಡಿಗೆಯನ್ನೂ ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಒಟ್ಟು ನಡಿಗೆ ಒಂದೇ. ಆದರೆ ಊಟದ ನಂತರ ನಡೆದಾಗ ಶುಗರ್ ಏರಿಕೆ ಸರಾಸರಿ ಶೇ. 12, ರಾತ್ರಿ ಊಟದ ನಂತರವಂತೂ ಶೇ. 22ರಷ್ಟು ಕಡಿಮೆ. ಬುತ್ತಿ ಉಂಡ ಮೇಲೆ ರಥಬೀದಿಗೆ ಒಂದೆರಡು ಸುತ್ತು ಬಂದರೆ ಹತ್ತು ನಿಮಿಷ ಆಗುತ್ತದೆ. ಅಂಗಡಿಯನ್ನು ಹುಡುಗ ಅಷ್ಟು ಹೊತ್ತು ನೋಡಿಕೊಂಡಾನು.

ನೀವು ಕೇಳದಿದ್ದರೂ ಇದೇ ಊರಿನ ಬೇರೆ ಓದುಗರಿಗಾಗಿ ಕೆಲವು ಮಾತು. ಏಕಾದಶಿ ಹಿಡಿಯುವವರು ಫಲಾಹಾರ ಎಂದು ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣು ತಿಂದರೆ ಅದು ಅನ್ನಕ್ಕಿಂತ ಶುಗರ್ ಕಡಿಮೆ ಏರಿಸುವುದಿಲ್ಲ. ನಿರಾಹಾರ ಇರುವವರು ಮೇಲೆ ಹೇಳಿದ ಗುಂಪಿನ ಮಾತ್ರೆಯನ್ನು ಆ ದಿನ ಎಂದಿನಂತೆ ನುಂಗಬಾರದು. ಏನು ಮಾಡಬೇಕೆಂದು ಹಿಂದಿನ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ. ರಂಜಾನ್ ಉಪವಾಸ ಹಿಡಿಯುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕಾಣಬೇಕು. ಬೆಳಗಿನ ಡೋಸನ್ನು ಇಫ್ತಾರಿಗೆ ಸರಿಸಿ, ಸಹರಿಯದ್ದನ್ನು ಕಡಿಮೆ ಮಾಡುವುದು ಸಾಮಾನ್ಯ ಕ್ರಮ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ನೀರೂ ಇಲ್ಲದ ಉದ್ದ ಉಪವಾಸಕ್ಕೆ ಕೇಳದೆ ಇಳಿಯಲೇಬಾರದು. ಅವರಿಗೆ ನೀರಿನಂಶ ಕಡಿಮೆಯಾಗಿ, ರಕ್ತದಲ್ಲಿ ಆಮ್ಲ ಏರುವ ಕೀಟೋಆಸಿಡೋಸಿಸ್ ಎಂಬ ಅಪಾಯ ಇದೆ. ಮಳೆಗಾಲ ಮುಗಿದು ಯಕ್ಷಗಾನದ ಆಟ, ಭೂತಕೋಲಗಳ ದಿನ ಬಂದಾಗ ಇಡೀ ರಾತ್ರಿ ಕೂರುವವರು ಮನೆಯಲ್ಲಿ ಏಳೂವರೆಗೇ ಉಂಡು ಹೊರಡಿ. ನಡುರಾತ್ರಿ ಚರುಮುರಿ, ಸಿಹಿ ಚಾ ಬೇಡ, ಹುರಿಗಡಲೆ ಕಿಸೆಯಲ್ಲಿರಲಿ. ಬಸುರಿಯರು, ತುಂಬ ವಯಸ್ಸಾದವರು, ಮೂತ್ರಪಿಂಡ ಸೋತವರು ನಾನು ಇಲ್ಲಿ ಹೇಳಿದ ಹೊತ್ತನ್ನು ತಮಗೆ ಹಾಗೇ ಹಚ್ಚಿಕೊಳ್ಳಬಾರದು.

ಮುಂದಿನ ಪರೀಕ್ಷೆಯ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಹೊಸ ಕ್ರಮ ಶುರುವಾಗಿ ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮಾಡಿಸಿ. ಅದಕ್ಕಿಂತ ಮುಂಚೆ ಮಾಡಿಸಿದರೆ ಹಳೆಯ ತಿಂಗಳುಗಳ ಲೆಕ್ಕವೂ ಸೇರಿಕೊಳ್ಳುತ್ತದೆ. ನಿಮ್ಮವರ ವಯಸ್ಸಿಗೆ ಸಾಮಾನ್ಯವಾಗಿ 7ರ ಆಸುಪಾಸು ಗುರಿ, ಖಾಲಿ ಹೊಟ್ಟೆಗೆ 80ರಿಂದ 130. ಖಾಲಿ ಹೊಟ್ಟೆಯ ರಕ್ತ ಕೊಡಲು ಹಿಂದಿನ ರಾತ್ರಿಯ ಊಟಕ್ಕೂ ಅದಕ್ಕೂ ಕನಿಷ್ಠ ಎಂಟು ಗಂಟೆ ಅಂತರ ಇರಬೇಕು. ಹತ್ತೂವರೆಗೆ ಉಂಡು ಆರಕ್ಕೆ ಲ್ಯಾಬಿಗೆ ಹೋದರೆ ಆ ಅಂಕಿ ಸರಿಯಲ್ಲ. ರಕ್ತ ಕೊಡುವವರೆಗೆ ಚಾ ಬೇಡ, ನೀರು ಕುಡಿಯಬಹುದು. ಮಾತ್ರೆ ಲ್ಯಾಬಿಗೆ ಹೋಗುವ ಮುಂಚೆ ನುಂಗಬೇಡಿ, ಜೇಬಿನಲ್ಲಿಟ್ಟುಕೊಂಡು ಹೋಗಲಿ. ರಕ್ತ ಕೊಟ್ಟು ದಿನದ ಹಾಗೇ ತಿಂಡಿ ತಿಂದು, ಅದರ ಜೊತೆ ಎಂದಿನ ಮಾತ್ರೆ ತೆಗೆದುಕೊಂಡು, ಮೊದಲ ತುತ್ತಿನ ಗಂಟೆ ಬರೆದಿಟ್ಟು ಎರಡು ಗಂಟೆಗೆ ಸರಿಯಾಗಿ ಮತ್ತೆ ರಕ್ತ ಕೊಡಲಿ. ಲ್ಯಾಬಿನಲ್ಲಿ ಸರದಿ ಉದ್ದ ಇದ್ದು ತಡವಾಗುವ ಹಾಗಿದ್ದರೆ ಗ್ಲುಕೋಸ್ ಪ್ಯಾಕೆಟ್ ಅಲ್ಲಿಗೂ ಜೊತೆಗಿರಲಿ.